ಒಂದು ಸಹಿಯ ಹೊಣೆ



ನಮ್ಮ ಧರ್ಮಕೇಂದ್ರದ ಬದುಕಿನಲ್ಲಿ ಸಹಿ ಹಾಕುವ ಸಂದರ್ಭಗಳು ಹಲವು. ಮದುವೆಯ ಬಲಿಪೂಜೆ ಮುಗಿದೊಡನೆ ವರನ ಕಡೆಯವರೂ ವಧುವಿನ ಕಡೆಯವರೂ ನೋಂದಣಿ ಪುಸ್ತಕದಲ್ಲಿ ಸಾಕ್ಷಿಗಳಾಗಿ ಸಹಿ ಹಾಕುತ್ತಾರೆ. ಮಗುವಿನ ಜ್ಞಾನಸ್ನಾನದ ದಿನ ಜ್ಞಾನ ತಂದೆತಾಯಿಯರ ಹೆಸರು ಪುಸ್ತಕ ಸೇರುತ್ತದೆ. ಇನ್ನೊಬ್ಬರ ಬದುಕಿನ ಮುಖ್ಯ ಘಳಿಗೆಯಲ್ಲಿ ಅವರ ಪಕ್ಕದಲ್ಲಿ ನಿಂತೆವು ಎಂಬ ಸಂತೋಷ ಆ ಸಹಿಗಳಲ್ಲಿದೆ. ಬಹುಶಃ ಈ ಅಭ್ಯಾಸದಿಂದಲೇ ಇರಬೇಕು, ಯಾರಾದರೂ ಬಂದು 'ಮನೆ ಸಾಲಕ್ಕೆ ಒಂದು ಸಾಕ್ಷಿ ಸಹಿ ಬೇಕಾಗಿತ್ತು' ಎಂದರೆ ನಾವು ಹಿಂದೆಮುಂದೆ ನೋಡದೆ ಪೆನ್ನು ತೆಗೆದುಕೊಳ್ಳುತ್ತೇವೆ.

ಆದರೆ ಸಾಕ್ಷಿಯೇ ಬೇರೆ, ಜಾಮೀನೇ ಬೇರೆ. ಸಾಕ್ಷಿಯಾದವನು ತಾನು ಕಂಡದ್ದನ್ನು ಕಂಡೆನೆಂದು ಹೇಳುತ್ತಾನೆ. ಇಂಥವರು ನನ್ನ ಎದುರಿನಲ್ಲಿ ಸಹಿ ಹಾಕಿದರು ಎನ್ನುವಲ್ಲಿಗೆ ಅವನ ಮಾತು ಮುಗಿಯುತ್ತದೆ. ಜಾಮೀನುದಾರನ ಮಾತು ಅಲ್ಲಿಂದ ಆರಂಭವಾಗುತ್ತದೆ. ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂಬುದು ಆ ಸಹಿಯ ಅರ್ಥ. ಎರಡೂ ಸಹಿಗಳು ಒಂದೇ ಕಾಗದದ ಒಂದೇ ಪುಟದಲ್ಲಿ ಒಂದರ ಕೆಳಗೆ ಒಂದು ಇರಬಹುದು. ಒಂದು ಕೆಲವು ನಿಮಿಷಗಳ ಕೆಲಸ. ಇನ್ನೊಂದು 20 ವರ್ಷಗಳ ಹೊಣೆ. ಕೇಳುವವರು ಮಾತ್ರ ಎರಡನ್ನೂ 'ಸುಮ್ಮನೆ ಒಂದು ಸಹಿ' ಎಂದೇ ಕರೆಯುತ್ತಾರೆ.

ಬ್ಯಾಂಕೊಂದರ ಸಾಲ ವಿಭಾಗದಲ್ಲಿ ನಾನು 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸಾಲ ಪಡೆಯುವವರು ಪ್ರತಿಯೊಂದು ಕಾಗದವನ್ನೂ ಎರಡೆರಡು ಬಾರಿ ವಿಚಾರಿಸುತ್ತಿದ್ದರು. ಜಾಮೀನು ನಿಲ್ಲಲು ಬಂದವರು ಗಡಿಯಾರ ನೋಡುತ್ತಿದ್ದರು. 'ಎಲ್ಲಿ ಸಹಿ ಹಾಕಬೇಕು ಹೇಳಿ ಸಾರ್, ಬಸ್ಸಿಗೆ ಹೊತ್ತಾಯಿತು' ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಓದಿ ಹೇಳಲು ಹೊರಟರೆ 'ನಮ್ಮವನೇ ಬಿಡಿ ಸಾರ್' ಎನ್ನುವರು. ಹಾಗೆ ಸಹಿ ಹಾಕಿದ ಕಾಗದ ಏನು ಹೇಳುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆನಿಸಿದೆ.

ಈ ವಿಷಯದಲ್ಲಿ ನಮ್ಮ ದೇಶದ ಮೂಲ ಕಾನೂನು 1872ರ ಭಾರತೀಯ ಕರಾರು ಕಾಯಿದೆ. ಅದರ 126ನೆಯ ಕಲಂ ಜಾಮೀನು ಕರಾರು ಎಂದರೇನೆಂದು ವಿವರಿಸುತ್ತದೆ. 128ನೆಯ ಕಲಂ ಅದರ ತಿರುಳು. ಕರಾರಿನಲ್ಲಿ ಬೇರೆ ರೀತಿಯಲ್ಲಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂಬುದು ಅದರ ಸಾರ. ಅಸಲು, ಬಡ್ಡಿ, ಸುಸ್ತಿ ಬಡ್ಡಿ ಎಲ್ಲವೂ ಅದರೊಳಗೆ ಬರುತ್ತವೆ. 'ಮೊದಲು ಅವನನ್ನು ಹಿಡಿಯಿರಿ, ಅವನ ಮನೆ ಮಾರಿಸಿ, ಸಾಲದೆ ಬಂದರೆ ನನ್ನ ಬಳಿ ಬನ್ನಿ' ಎಂದು ಜಾಮೀನುದಾರನು ಹೇಳುವಂತಿಲ್ಲ. ಬಿಹಾರದ ಬ್ಯಾಂಕೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1968ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು. ಸಾಲಗಾರನ ಮೇಲಿನ ಎಲ್ಲ ಕ್ರಮಗಳು ಮುಗಿಯುವ ತನಕ ಬ್ಯಾಂಕು ಕಾಯಬೇಕೆಂದರೆ ಜಾಮೀನು ಪಡೆದುದರ ಉದ್ದೇಶವೇ ವ್ಯರ್ಥವಾಗುತ್ತದೆ ಎಂಬುದು ಆ ತೀರ್ಪಿನ ತರ್ಕ.

2002ರ ಸರ್ಫೇಸಿ ಕಾಯಿದೆಯು ಬ್ಯಾಂಕುಗಳಿಗೆ ಇನ್ನೂ ಹೆಚ್ಚಿನ ಬಲವನ್ನು ಕೊಟ್ಟಿತು. ಕಂತು ನಿಂತ ಸಾಲಕ್ಕೆ 60 ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಅದು. ಆ ಕಾಯಿದೆ ಹೇಳುವ 'ಸಾಲಗಾರ' ಎಂಬ ಪದದೊಳಗೆ ಜಾಮೀನುದಾರನೂ ಸೇರಿದ್ದಾನೆ. ಇನ್ನೊಬ್ಬರ ಸಾಲಕ್ಕೆಂದು ನಿಮ್ಮ ಮನೆಯ ಪತ್ರಗಳನ್ನು ಒತ್ತೆ ಇಟ್ಟಿದ್ದರೆ ಆ ಮನೆಯ ಬಾಗಿಲಿಗೇ ನೋಟೀಸು ಅಂಟಬಹುದು. ಪತ್ರ ಇಡದೆ ಸಹಿ ಮಾತ್ರ ಹಾಕಿದ್ದರೆ ಬ್ಯಾಂಕು ನ್ಯಾಯಾಲಯಕ್ಕೋ ಸಾಲ ವಸೂಲಾತಿ ನ್ಯಾಯಮಂಡಳಿಗೋ ಹೋಗಬೇಕು, ಹೋಗುತ್ತದೆ ಕೂಡ. ಇಷ್ಟಲ್ಲದೆ, ನೀವು ಜಾಮೀನು ನಿಂತ ಸಾಲವು ನಿಮ್ಮ ಸಿಬಿಲ್ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ನಾಳೆ ಮಗಳ ಓದಿಗೆಂದು ನೀವು ಸಾಲ ಕೇಳಲು ಹೋದಾಗ ಬ್ಯಾಂಕು ಅದನ್ನೂ ಎಣಿಕೆಗೆ ತೆಗೆದುಕೊಳ್ಳುತ್ತದೆ.

ಕಾನೂನಿನ ಮಾತು ಹೀಗಾಯಿತು. ಮನೆಯೊಳಗೆ ಅದು ಏನು ಮಾಡುತ್ತದೆ ಎಂಬುದನ್ನು ನಾನು ಬ್ಯಾಂಕಿಗೆ ಸೇರುವ ಮೊದಲೇ ಕಂಡಿದ್ದೆ.

ನನ್ನ ದೊಡ್ಡಪ್ಪ ಪ್ರೌಢಶಾಲೆಯ ಉಪಾಧ್ಯಾಯರು. 1980ರ ದಶಕದಲ್ಲಿ ಅವರ ಗೆಳೆಯರೊಬ್ಬರು ಮನೆ ಕಟ್ಟಲೆಂದು ಸಹಕಾರ ಸಂಘವೊಂದರಲ್ಲಿ 40,000 ರೂಪಾಯಿ ಸಾಲ ಪಡೆದರು. ಅದಕ್ಕೆ ಜಾಮೀನು ನಿಂತವರು ದೊಡ್ಡಪ್ಪ. ಒಂದೇ ಗಾಯನ ವೃಂದದಲ್ಲಿ ಹಾಡಿದವರು, ಒಬ್ಬರ ಮಗುವಿಗೆ ಇನ್ನೊಬ್ಬರು ಜ್ಞಾನತಂದೆ. ಬೇಡವೆನ್ನುವ ಪ್ರಶ್ನೆಯೇ ಏಳಲಿಲ್ಲ. ಗೆಳೆಯರು ಕೆಟ್ಟವರಲ್ಲ. ಕಾಯಿಲೆ ಬಿದ್ದರು, ಕೆಲಸ ಕಳೆದುಕೊಂಡರು, ಕಂತು ನಿಂತಿತು. ಜಾಮೀನು ಪತ್ರದಲ್ಲಿ ಸಂಬಳದಿಂದ ಹಣ ಕಡಿತ ಮಾಡಲು ಒಪ್ಪಿಗೆಯೂ ಇತ್ತು. ತಿಂಗಳಿಗೆ 400 ರೂಪಾಯಿಯಂತೆ ಕಡಿತ ಆರಂಭವಾಯಿತು. ದೊಡ್ಡಮ್ಮನಿಗೆ ಜಾಮೀನಿನ ಸುದ್ದಿ ತಿಳಿದದ್ದು ಆ ತಿಂಗಳ ಸಂಬಳ ಕೈಗೆ ಬಂದಾಗ.

ಆರು ವರ್ಷ ಹಾಗೆಯೇ ನಡೆಯಿತು. ದೊಡ್ಡಪ್ಪ ಆ ಗೆಳೆಯರ ವಿರುದ್ಧ ಒಂದು ಕಟುಮಾತನ್ನೂ ಆಡಲಿಲ್ಲ. ಆದರೆ ಪಿಯುಸಿ ಮುಗಿಸಿದ ಅವರ ಹಿರಿಯ ಮಗಳು ನರ್ಸಿಂಗ್ ಓದಲು ಹೋಗಲಾಗಲಿಲ್ಲ. ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದಳು. ಆ ಗೆಳೆಯರು ನಾಚಿಕೆಯಿಂದ ದೊಡ್ಡಪ್ಪನನ್ನು ಕಂಡರೆ ದಾರಿ ಬದಲಿಸತೊಡಗಿದರು. ಭಾನುವಾರದ ಪೂಜೆಗೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಎರಡು ಕುಟುಂಬಗಳಲ್ಲಿ ಒಂದು ಮೊದಲನೆಯ ಪೂಜೆಗೆ, ಇನ್ನೊಂದು ಎರಡನೆಯ ಪೂಜೆಗೆ ಬರುವಂತಾಯಿತು. 'ದುಡ್ಡು ಹೋದದ್ದಕ್ಕೆ ಬೇಸರವಿಲ್ಲ ಕಣೋ, ಅವನು ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿಬಿಟ್ಟನಲ್ಲ' ಎಂದು ದೊಡ್ಡಪ್ಪ ಒಮ್ಮೆ ಮಾತ್ರ ನನ್ನೊಡನೆ ಹೇಳಿದರು. ಗೆಳೆತನಕ್ಕಾಗಿ ಹಾಕಿದ ಸಹಿಯೇ ಗೆಳೆತನವನ್ನು ನುಂಗಿತ್ತು.

ದೊಡ್ಡಪ್ಪನಿಗೆ ಯಾರೂ ತಿಳಿಸದಿದ್ದ ಸಂಗತಿಯೊಂದಿದೆ. ಅದೇ 1872ರ ಕಾಯಿದೆ ಜಾಮೀನುದಾರನನ್ನು ಪೂರ್ತಿ ಕೈಬಿಟ್ಟಿಲ್ಲ. ತೀರಿಸಿದ ಹಣವನ್ನು ಸಾಲಗಾರನಿಂದ ಮರಳಿ ಕೇಳುವ ಹಕ್ಕು ಅವನಿಗಿದೆ. ಸಾಲವನ್ನು ಪೂರ್ತಿ ತೀರಿಸಿದ ಮೇಲೆ ಸಾಲ ಕೊಟ್ಟವನ ಸ್ಥಾನದಲ್ಲಿ ಅವನೇ ನಿಲ್ಲುತ್ತಾನೆ. ಸಾಲಕ್ಕೆ ಒತ್ತೆಯಾಗಿದ್ದ ಆಸ್ತಿಯ ಮೇಲಿನ ಹಕ್ಕೂ ಅವನಿಗೆ ಬರುತ್ತದೆ. ಇಬ್ಬರು ಮೂವರು ಒಟ್ಟಿಗೆ ಜಾಮೀನು ನಿಂತಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಭಾರವನ್ನು ಸಮವಾಗಿ ಹಂಚಿಕೊಳ್ಳಬೇಕು. ಜಾಮೀನುದಾರನ ಒಪ್ಪಿಗೆಯಿಲ್ಲದೆ ಮೂಲ ಕರಾರಿನ ಷರತ್ತುಗಳನ್ನು ಬದಲಾಯಿಸಿದರೆ, ಆ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಆದರೆ ಇಲ್ಲಿ ಎಚ್ಚರಿಕೆ ಬೇಕು. ಇಂತಹ ರಕ್ಷಣೆಗಳನ್ನು ನಾನು ಬಿಟ್ಟುಕೊಡುತ್ತೇನೆ ಎಂಬ ಸಾಲನ್ನು ಅನೇಕ ಅಚ್ಚಾದ ನಮೂನೆಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಸೇರಿಸಿರುತ್ತಾರೆ. ಬಸ್ಸಿಗೆ ಹೊತ್ತಾಯಿತೆಂದು ಓದದೆ ಬಿಟ್ಟ ಪುಟದಲ್ಲಿ ಇರುವುದು ಇದೇ.

ಜಾಮೀನು ಎಂದರೆ ಬ್ಯಾಂಕಿನ ಮನೆ ಸಾಲಕ್ಕೆ ಮಾತ್ರ ಎಂದುಕೊಳ್ಳಬೇಡಿ. ಮಳಿಗೆಗಳ ಮತ್ತು ಕಚೇರಿಗಳ ಬಾಡಿಗೆ ಕರಾರುಗಳಲ್ಲಿಯೂ ಅದು ಬಂದು ಕುಳಿತಿದೆ. ಇಬ್ಬರು ಯುವಕರು ಸೇರಿ ಖಾಸಗಿ ಕಂಪನಿಯೊಂದನ್ನು ಮಾಡಿ ಅದರ ಹೆಸರಿನಲ್ಲಿ ಜಾಗ ಹಿಡಿಯುತ್ತಾರೆ ಎನ್ನಿ. ಕಂಪನಿ ಮುಳುಗಿದರೆ ಷೇರುದಾರರ ಸ್ವಂತ ಮನೆಮಠಕ್ಕೆ ತೊಂದರೆ ಬರಬಾರದೆಂಬುದೇ ಸೀಮಿತ ಹೊಣೆಯ ಕಂಪನಿಯ ಉದ್ದೇಶ. ಕಟ್ಟಡದ ಮಾಲೀಕರಿಗೆ ಇದು ತಿಳಿದಿದೆ. ಆದುದರಿಂದ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳುತ್ತಾರೆ. ಆ ಒಂದು ಸಹಿಯಿಂದ ಕಂಪನಿಗೂ ಮನೆಗೂ ನಡುವೆ ಇದ್ದ ಗೋಡೆ ಆ ಸಾಲದ ಮಟ್ಟಿಗೆ ಬಿದ್ದುಹೋಗುತ್ತದೆ. ಕಂಪನಿಯ ಸಾಲಗಳಿಗೆ ಜಾಮೀನು ನಿಂತ ವ್ಯಕ್ತಿಗಳ ಮೇಲೆಯೂ ದಿವಾಳಿ ಸಂಹಿತೆಯಡಿ ನಡಾವಳಿ ಹೂಡುವ ನಿಯಮಗಳು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದವು. 2021ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕಂಪನಿಯ ಸಾಲಕ್ಕೆ ಪರಿಹಾರ ಯೋಜನೆ ಒಪ್ಪಿಗೆಯಾದ ಮಾತ್ರಕ್ಕೆ ಜಾಮೀನುದಾರನು ತಾನಾಗಿಯೇ ಬಿಡುಗಡೆಯಾಗುವುದಿಲ್ಲ ಎಂದೂ ಹೇಳಿತು.

ಇದೆಲ್ಲವೂ ದೊಡ್ಡವರ ವ್ಯವಹಾರ ಎಂದು ನಿಮಗೆ ಅನಿಸಬಹುದು. ಕೆಲವು ತಿಂಗಳುಗಳ ಹಿಂದೆ ಅದು ನಮ್ಮ ಮನೆಯ ಬಾಗಿಲಿಗೂ ಬಂತು. ನನ್ನ ತಂಗಿಯ ಮಗ ಬೇಕರಿ ಇಡಲು ಮಳಿಗೆಯೊಂದನ್ನು ನೋಡಿದ್ದ. ತಿಂಗಳ ಬಾಡಿಗೆ 25,000 ರೂಪಾಯಿ, ಮುಂಗಡ 2,50,000. ಮೊದಲ ಮೂರು ವರ್ಷ ಮಳಿಗೆಯನ್ನು ಬಿಡುವಂತಿಲ್ಲ ಎಂಬ ಷರತ್ತು. ಜೊತೆಗೆ ಒಬ್ಬರ ಜಾಮೀನು. 'ಮಾವ, ಸುಮ್ಮನೆ ಒಂದು ಸಹಿ' ಎಂದ. 'ಕಾಗದ ಬಿಟ್ಟು ಹೋಗು ಮಗು, ನಾಲ್ಕು ದಿನ ಕೊಡು' ಎಂದೆ.

ಆ ಸಂಜೆ ನಾನೂ ನನ್ನ ಹೆಂಡತಿಯೂ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಓದಿದೆವು. ಬೇಕರಿ 14 ತಿಂಗಳಿಗೆ ಮುಚ್ಚಿತು ಎಂದುಕೊಳ್ಳೋಣ. ಉಳಿದ 22 ತಿಂಗಳ ಬಾಡಿಗೆ 5,50,000. ಮುಂಗಡ ಕಳೆದರೂ 3,00,000 ರೂಪಾಯಿಯನ್ನು ಮಾಲೀಕರು ನಮ್ಮಿಂದ ಕೇಳಬಹುದು. ನ್ಯಾಯಾಲಯ ಅದರಲ್ಲಿ ಎಷ್ಟನ್ನು ಕೊಡಿಸುತ್ತದೆ ಎಂಬುದು ಬೇರೆಯ ಮಾತು. ಕೇಳುವ ಹಕ್ಕನ್ನಂತೂ ನಾವು ಬರೆದುಕೊಟ್ಟಂತಾಗುತ್ತದೆ. ಇದಲ್ಲದೆ ಕರಾರನ್ನು ನವೀಕರಿಸಿದರೆ ಜಾಮೀನೂ ಮುಂದುವರಿಯುತ್ತದೆ ಎಂದು ಬರೆದಿತ್ತು. ಎಷ್ಟು ವರ್ಷ, ಎಷ್ಟು ಹಣ ಎಂಬುದಕ್ಕೆ ಮಿತಿಯೇ ಇರಲಿಲ್ಲ.

ನಾವು ಷರತ್ತುಗಳನ್ನು ಕೇಳುತ್ತೇವೆಂದಾಗ ಹುಡುಗನ ಮುಖ ಬಾಡಿತು. 'ಮಾವ, ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂದ. 'ನಿನ್ನ ಮೇಲೆ ನಂಬಿಕೆ ಇದೆ. ನಾಳೆ ಮಳಿಗೆಯ ಮುಂದಿನ ರಸ್ತೆಯನ್ನು ಎಂಟು ತಿಂಗಳು ಅಗೆದು ಹಾಕಿದರೆ ನೀನು ಏನು ಮಾಡಬಲ್ಲೆ? 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದವರೆಲ್ಲ ಸೋಮಾರಿಗಳಾಗಿದ್ದರೇ?' ಎಂದು ನನ್ನ ಹೆಂಡತಿ ಕೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ ಅತ್ತೆ' ಎಂದ.

ಮಾಲೀಕರನ್ನು ಹೋಗಿ ಕಂಡೆವು. ಅವರೂ ನಿವೃತ್ತರು, ಆ ಬಾಡಿಗೆಯಿಂದಲೇ ಕಟ್ಟಡದ ಸಾಲದ ಕಂತು ಕಟ್ಟುವವರು. ಅವರ ಹೆದರಿಕೆಯೂ ನಿಜವಾದದ್ದೇ. ನಾವು ನಾಲ್ಕು ಮಾತು ಕೇಳಿದೆವು. ನಮ್ಮ ಹೊಣೆ ಆರು ತಿಂಗಳ ಬಾಡಿಗೆಯನ್ನು, ಅಂದರೆ 1,50,000 ರೂಪಾಯಿಯನ್ನು ಮೀರಬಾರದು. ಮೂರು ವರ್ಷಕ್ಕೆ ಜಾಮೀನು ಮುಗಿಯಬೇಕು. ನವೀಕರಣಕ್ಕೆ ಹೊಸ ಸಹಿ ಬೇಕು. ಒಂದು ತಿಂಗಳ ಬಾಡಿಗೆ ತಪ್ಪಿದರೂ 15 ದಿನದೊಳಗೆ ನಮಗೆ ಬರಹದಲ್ಲಿ ತಿಳಿಸಬೇಕು. ಮೂರು ತಿಂಗಳ ಮುನ್ಸೂಚನೆ ಕೊಟ್ಟು ಮಳಿಗೆಯ ಬೀಗದ ಕೈ ಒಪ್ಪಿಸಿದರೆ ಹೊಣೆ ಅಲ್ಲಿಗೆ ತೀರಬೇಕು. ಮೊದಲ ಮೂರಕ್ಕೆ ಅವರು ಒಪ್ಪಿದರು, ನಾಲ್ಕನೆಯದಕ್ಕೆ ಒಪ್ಪಲಿಲ್ಲ. ವಕೀಲರಿಂದ ಹಾಗೆಯೇ ಬರೆಸಿ ಸಹಿ ಹಾಕಿದೆ. ಮರುದಿನ ನಾವು 1,50,000 ರೂಪಾಯಿಯನ್ನು ಬೇರೆ ಠೇವಣಿಯಾಗಿ ಇಟ್ಟೆವು. ಅದು ಹೋದರೂ ಹೋಗಲಿ ಎಂದು ಮನಸ್ಸಿನಲ್ಲಿ ಆಗಲೇ ಕೊಟ್ಟುಬಿಟ್ಟ ಹಣ. ಹೋದರೆ ನಮಗೆ ನೋವಾಗುತ್ತದೆ; ಆದರೆ ಹುಡುಗ ನಮ್ಮನ್ನು ಕಂಡು ದಾರಿ ಬದಲಿಸಬೇಕಾದ ದಿನ ಬರುವುದಿಲ್ಲ.

ಇಲ್ಲವೆಂದು ಹೇಳಿದ ಸಂದರ್ಭವೂ ಇದೆ. ನಮ್ಮ ಬೀದಿಯ ಪರಿಚಿತರೊಬ್ಬರು ನಿವೇಶನ ಕೊಳ್ಳುವ ಸಾಲಕ್ಕೆ ಜಾಮೀನು ಕೇಳಿದರು. ಸಾಲದ ಮೊತ್ತ ನಮ್ಮ ಶಕ್ತಿಗೆ ಮೀರಿದ್ದು, ನಾನು ಪಿಂಚಣಿಯವನು. ಕಾರಣವನ್ನು ಮರೆಮಾಚದೆ ಹೇಳಿದೆ. ಕೆಲವು ತಿಂಗಳು ಅವರು ಮಾತನಾಡಲಿಲ್ಲ. ಆ ಮೌನವನ್ನು ಹೊರುವುದು ಸುಲಭವಾಗಿರಲಿಲ್ಲ. ಆದರೆ ನನ್ನಲ್ಲಿ ಇಲ್ಲದ ಹಣವನ್ನು ಕೊಡುತ್ತೇನೆಂದು ಬರೆದುಕೊಡುವುದು ದಯೆಯಂತೆ ಕಂಡರೂ ಅದು ಸುಳ್ಳೇ. ಆ ಸುಳ್ಳಿಗೆ ಬೆಲೆ ತೆರುವವರು ಸಹಿ ಹಾಕುವಾಗ ಅಲ್ಲಿರದ ಹೆಂಡತಿ, ಮಕ್ಕಳು. ಜಾಮೀನುದಾರನು ಸತ್ತ ಮೇಲೂ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಆಗಲೇ ಹುಟ್ಟಿದ ಹೊಣೆ ವಾರಸುದಾರರನ್ನು ಹಿಂಬಾಲಿಸುತ್ತದೆ.

ಹಾಗಾದರೆ ನೆರೆಯವನಿಗೆ ನೆರವಾಗಬಾರದೇ? ಪವಿತ್ರ ಗ್ರಂಥ ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿದೆ. ಜಾಮೀನಿಗೆ ಸಿಕ್ಕಿಬಿದ್ದವನು ನಿದ್ದೆಗೆಟ್ಟಾದರೂ ಹೋಗಿ ಬಿಡಿಸಿಕೊಳ್ಳಲಿ ಎಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. ಸಿರಾಖನ ಗ್ರಂಥದ 29ನೆಯ ಅಧ್ಯಾಯ ಎರಡೂ ಕಡೆಯನ್ನು ನೋಡುತ್ತದೆ. ಸಜ್ಜನನು ನೆರೆಯವನಿಗೆ ಹೊಣೆ ನಿಲ್ಲುತ್ತಾನೆ ಎಂದು ಮೆಚ್ಚುತ್ತದೆ. ಹೊಣೆ ನಿಂತು ಮನೆ ಕಳೆದುಕೊಂಡವರನ್ನೂ ನೆನಪಿಸುತ್ತದೆ. ಕೊನೆಗೆ ಶಕ್ತಿಗೆ ತಕ್ಕಂತೆ ನೆರವಾಗು, ನೀನೂ ಬೀಳದಂತೆ ನೋಡಿಕೋ ಎನ್ನುತ್ತದೆ. ಸಂತ ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿ ಒನೇಸಿಮನ ಬಾಕಿಯನ್ನು ತನ್ನ ಲೆಕ್ಕಕ್ಕೆ ಹಾಕುವಂತೆ ಹೇಳಿ, ಅದನ್ನು ತನ್ನ ಕೈಯಿಂದಲೇ ಬರೆದು ಒಪ್ಪಿಕೊಂಡ. ಯಾರ ಬಾಕಿ, ಯಾರಿಗೆ ಸಲ್ಲಬೇಕಾದದ್ದು ಎಂದು ಬಲ್ಲವನಾಗಿ, ತೀರಿಸುವ ಮನಸ್ಸಿನಿಂದಲೇ ಬರೆದ ಮಾತು ಅದು. ಪ್ರೀತಿಯಿಂದ ಹಾಕುವ ಸಹಿಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿಯದು.

ಜಾಮೀನು ಕೇಳಲು ಹೋಗುವವರಿಗೂ ಒಂದು ಮಾತು. ಇಲ್ಲವೆನ್ನಲಾಗದವರನ್ನು ಕೇಳಬೇಡಿ, ನಿಮ್ಮ ಕೈಕೆಳಗೆ ದುಡಿಯುವವರನ್ನು, ನಿಮ್ಮ ಉಪಕಾರದಲ್ಲಿರುವವರನ್ನು ಪೇಚಿಗೆ ಸಿಲುಕಿಸಬೇಡಿ. ಕೇಳುವುದಾದರೆ ದಂಪತಿಗಳಿಬ್ಬರ ಎದುರಿನಲ್ಲಿ ಕೇಳಿ, ಕಾಗದವನ್ನು ಮನೆಗೆ ಕೊಟ್ಟು ಬನ್ನಿ. ಒಂದು ಕಂತು ತಪ್ಪಿದರೂ ಬ್ಯಾಂಕು ಹೇಳುವ ಮೊದಲು ನೀವೇ ಹೇಳಿ. ಕಷ್ಟ ಬಂದಾಗ ಜಾಮೀನುದಾರನಿಂದ ಮುಖ ಮರೆಸಿಕೊಳ್ಳಬೇಡಿ. ಅವನಿಗೆ ನೀವು ಕೊಡಬೇಕಾದ ಮೊದಲ ಕಂತು ಸತ್ಯ. ಸಾಲ ತೀರಿದ ದಿನ ಬಾಕಿಯಿಲ್ಲದ ಪತ್ರದ ಒಂದು ಪ್ರತಿಯನ್ನು ಅವರ ಮನೆಗೆ ತಲುಪಿಸಿ. ಅವರ ಆಸ್ತಿ ಪತ್ರಗಳು ಒತ್ತೆಯಲ್ಲಿದ್ದರೆ ಮರಳಿ ಕೊಡಿಸಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಬ್ಯಾಂಕುಗಳಿಗೆ ಆದೇಶಿಸಿದೆ.

ಈಗಾಗಲೇ ಸಹಿ ಹಾಕಿರುವವರು ಗಾಬರಿಯಾಗಬೇಕಿಲ್ಲ. ಜಾಮೀನು ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಸಾಲದಲ್ಲಿ ಎಷ್ಟು ಉಳಿದಿದೆ, ಕಂತು ಸರಿಯಾಗಿ ಸಲ್ಲುತ್ತಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸಿ. ಹಾಗೆ ಕೇಳುವುದು ಅನುಮಾನವಲ್ಲ. ನೋಟೀಸು ಬಂದರೆ ಬದಿಗೆ ಸರಿಸದೆ ಅಂದೇ ವಕೀಲರಿಗೆ ತೋರಿಸಿ. ನೀವೇ ಹಣ ಕಟ್ಟಬೇಕಾಗಿ ಬಂದರೆ ಪ್ರತಿಯೊಂದು ರಸೀದಿಯನ್ನೂ ಉಳಿಸಿಕೊಳ್ಳಿ. ಮರಳಿ ಕೇಳುವ ಹಕ್ಕಿಗೆ ಅದೇ ಆಧಾರ.

ನಮ್ಮಲ್ಲಿ ಅನೇಕ ಮನೆಗಳು ಎದ್ದು ನಿಂತಿರುವುದು ಯಾರೋ ಒಬ್ಬರು ಧೈರ್ಯ ಮಾಡಿ ಹಾಕಿದ ಜಾಮೀನಿನ ಮೇಲೆಯೇ. ಆ ಉಪಕಾರವನ್ನು ಮರೆಯಬಾರದು. ಅಂತಹ ಸಹಿ ಹಾಕುವವರು ಇಲ್ಲವಾಗಲೂ ಬಾರದು. ಓದಿದ ಮೇಲೆ, ಮಿತಿ ಹಾಕಿದ ಮೇಲೆ, ಮನೆಯವರೊಡನೆ ಮಾತನಾಡಿದ ಮೇಲೆ ಆ ಸಹಿ ಬೀಳಲಿ ಎಂಬುದಷ್ಟೇ ನನ್ನ ಬಿನ್ನಹ. ಓದುಗರೇ, ಈ ಹಿಂದೆ ನೀವು ಎಲ್ಲೆಲ್ಲಿ ಜಾಮೀನು ನಿಂತಿದ್ದೀರಿ ಎಂಬುದು ನಿಮ್ಮ ಮನೆಯವರಿಗೆ ತಿಳಿದಿದೆಯೇ? ತಿಳಿದಿಲ್ಲವಾದರೆ, ಇಂದು ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತಿರುವಾಗಲೇ ಹೇಳಿಬಿಡಿ.